ಟಿ. ಆರ್. ಗೋವಿಂದಾಚಾರಿ

ಟಿ. ಆರ್. ಗೋವಿಂದಾಚಾರಿ (ಜುಲೈ 30, 1915 – ಡಿಸೆಂಬರ್ 28, 2001) ಸಸ್ಯಜನ್ಯ ವಸ್ತುಗಳ ಅಣುರಚನೆಯನ್ನು ಶೋಧಿಸಿದ ಭಾರತೀಯ ರಸಾಯನ ವಿಜ್ಞಾನಿ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಸಹ್ಯಾದ್ರಿಯ ದುರ್ವಾಸನೆ ಮರದಲ್ಲಿದೆ ಎಂಬುದನ್ನು 1972ರಲ್ಲಿ ಪ್ರಕಟಿಸಿದವರಲ್ಲಿ ಇವರು ಪ್ರಮುಖರು.

ಶಿಕ್ಷಣ ಮತ್ತು ವೃತ್ತಿ

ಗೋವಿಂದಾಚಾರಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ. ಬಿ. ಡೇ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಬಳಿಕ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೋಜರ್ ಆಡಮ್ಸ್ ಅವರೊಡನೆ ಆಲ್ಕಲಾಯ್ಡುಗಳನ್ನು ಅಧ್ಯಯನ ಮಾಡಿದರು. ಸ್ವದೇಶಕ್ಕೆ ಮರಳಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆದರು. 1960ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಪಡೆದರು. 1963ರಲ್ಲಿ ಮುಂಬಯಿಯ ಗೋರೆಗಾಂವ್‌ನಲ್ಲಿದ್ದ ಸೀಬಾ ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

ಆಡುಮುಟ್ಟದ ಬಳ್ಳಿ

ಉಬ್ಬಸಕ್ಕೆ ಮದ್ದಾಗಿ ಬಳಕೆಯಲ್ಲಿರುವ ಆಡುಮುಟ್ಟದ ಬಳ್ಳಿಯಲ್ಲಿ ಟೈಲೊಫೊರಿನ್ ಎಂಬ ಆಲ್ಕಲಾಯ್ಡ್ ಇದೆ. ಇದರ ರಚನೆಯನ್ನು ಗೋವಿಂದಾಚಾರಿ ಮತ್ತು ಅವರ ಶಿಷ್ಯರು ನಿರ್ಧರಿಸಿದರು. ಈ ವರ್ಗದ ವಸ್ತುಗಳು ಕೋಶದೊಳಗೆ ಪ್ರೋಟೀನಿನ ತಯಾರಿಕೆಯನ್ನು ತಡೆದು ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ನಿಲ್ಲಿಸುತ್ತವೆ ಎಂದು ನಂತರದ ಪ್ರಯೋಗಗಳಿಂದ ತಿಳಿದುಬಂದಿತು. ಆದರೆ ಇದೇ ವರ್ಗದ ಟೈಲೊಕ್ರೆಬ್ರಿನ್ ನರಮಂಡಲಕ್ಕೆ ಹಾನಿ ಮಾಡಿದ್ದರಿಂದ ಅದನ್ನು ರೋಗಿಗಳ ಮೇಲೆ ಪ್ರಯೋಗಿಸುವುದನ್ನು ಕೈಬಿಡಲಾಯಿತು.

ದುರ್ವಾಸನೆ ಮರ

ಕ್ಯಾಂಪ್ಟೊಥೆಸಿನ್ ಅನ್ನು ಅಮೆರಿಕದ ಮನ್ರೋ ವಾಲ್ ಮತ್ತು ಭಾರತ ಮೂಲದ ಮನಸುಖ್ ವಾಣಿ ಅವರು 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಪಡೆದಿದ್ದರು. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು ಅದೇ ವಸ್ತುವನ್ನು ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕಂಡರು. ಜೊತೆಗೆ 9-ಮೆಥಾಕ್ಸಿ ಕ್ಯಾಂಪ್ಟೊಥೆಸಿನ್ ಎಂಬ ಹೊಸ ಆಲ್ಕಲಾಯ್ಡ್ ಸಹ ದೊರೆಯಿತು. ಕರ್ನಾಟಕದಲ್ಲಿ ಈ ಮರ ಉತ್ತರ ಕನ್ನಡ, ಕೊಡಗು ಮೊದಲಾದ ಮಲೆನಾಡಿನ ಜಿಲ್ಲೆಗಳಲ್ಲಿ ಬೆಳೆಯುತ್ತದೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ರೋಗಿಗಳಲ್ಲಿ ಮೂತ್ರಕೋಶದ ರಕ್ತಸ್ರಾವ ಮತ್ತು ತೀವ್ರ ಭೇದಿ ಕಾಣಿಸಿಕೊಂಡದ್ದರಿಂದ ಅಮೆರಿಕದಲ್ಲಿ ಕ್ಯಾಂಪ್ಟೊಥೆಸಿನ್‌ನ ಪರೀಕ್ಷೆಗಳು ನಿಂತುಹೋದವು. ಅದು ಕೆಲಸ ಮಾಡುವ ಬಗೆ 1985ರಲ್ಲಿ ತಿಳಿಯಿತು. ಡಿಎನ್‌ಎಯ ಸುರುಳಿ ಬಿಗಿಯಾದಾಗ ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಆ ಮರುಜೋಡಣೆಯನ್ನು ತಡೆಯುತ್ತದೆ. ಡಿಎನ್‌ಎ ಪ್ರತಿ ತಯಾರಾಗುವ ವೇಳೆ ಈ ಬಿರುಕು ಎರಡೂ ಎಳೆಗಳ ತುಂಡಾಗಿ ಪರಿಣಮಿಸಿ ಕೋಶವು ಸಾಯುತ್ತದೆ. ಪದೇ ಪದೇ ವಿಭಜಿಸುವ ಕ್ಯಾನ್ಸರ್ ಕೋಶಗಳಿಗೆ ಇದರ ಪೆಟ್ಟು ಹೆಚ್ಚು. ಮೂಳೆಮಜ್ಜೆ ಮತ್ತು ಕರುಳಿನ ಕೋಶಗಳೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಈ ವಸ್ತುವನ್ನು ಮಾರ್ಪಡಿಸಿ ರೂಪಿಸಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಔಷಧಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೊದಲನೆಯದು ಅಂಡಾಶಯದ, ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರಿಗೆ ಬಳಕೆಯಾಗುತ್ತದೆ.

ಪರಿಣಾಮ

ಔಷಧದ ಬೇಡಿಕೆಯಿಂದ ಮರಕ್ಕೇ ಅಪಾಯ ಒದಗಿತು. ಕಾಂಡ ಮತ್ತು ಬೇರಿಗಾಗಿ ಕಾಡಿನಲ್ಲಿ ಇಡೀ ಮರಗಳನ್ನೇ ಕಡಿಯಲಾಯಿತು. ಮರದಿಂದ ಮರಕ್ಕೆ ಕ್ಯಾಂಪ್ಟೊಥೆಸಿನ್ ಪ್ರಮಾಣ ಬದಲಾಗುವುದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಹೆಚ್ಚು ಇಳುವರಿಯ ಮರಗಳನ್ನು ಆರಿಸಿ ಬೆಳೆಸಿದರೆ ಕಾಡಿನ ಮರಗಳ ಮೇಲಿನ ಒತ್ತಡ ತಗ್ಗಬಹುದು.

ಕೊನೆಯ ವರ್ಷಗಳು

ಇಳಿವಯಸ್ಸಿನಲ್ಲಿಯೂ ಗೋವಿಂದಾಚಾರಿಯವರು ಸಂಶೋಧನೆಯನ್ನು ಬಿಡಲಿಲ್ಲ. 1990ರ ದಶಕದಲ್ಲಿ ಬೇವಿನ ಬೀಜದಲ್ಲಿರುವ ಕೀಟನಾಶಕ ವಸ್ತುಗಳನ್ನು ಕುರಿತು ಹಲವು ಪ್ರಬಂಧಗಳನ್ನು ಪ್ರಕಟಿಸಿದರು. ತಮ್ಮ 86ನೆಯ ವಯಸ್ಸಿನಲ್ಲಿ ನಿಧನರಾದರು.