ಪ್ರವಾಹದ ದಡದಲ್ಲಿ ದಾನಚಿಂತಾಮಣಿ

ಜಿನಧರ್ಮದಲ್ಲಿ ದಾನವೆಂಬುದು ಉಂಡು ಮಿಕ್ಕಿದ್ದನ್ನು ಹಂಚುವ ಕ್ರಿಯೆಯಲ್ಲ. ತನಗೂ ಪರರಿಗೂ ಹಿತವಾಗಲೆಂದು ತನ್ನದನ್ನು ಬಿಟ್ಟುಕೊಡುವುದೇ ದಾನವೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ಅದು ನಾಲ್ಕು ಬಗೆ. ನೆರೆ, ಬರ, ಭೂಕಂಪ, ಯುದ್ಧಗಳು ಬಂದೆರಗಿದಾಗ ಸಂತ್ರಸ್ತರಿಗೆ ಬೇಕಾಗುವುದೂ ಈ ನಾಲ್ಕೇ. ಹಸಿದವರಿಗೆ ಅನ್ನ, ನೊಂದವರಿಗೆ ಮದ್ದು, ನಡುಗುತ್ತಿರುವವರಿಗೆ ಆಶ್ರಯ, ಮುರಿದ ಬದುಕನ್ನು ಮತ್ತೆ ಕಟ್ಟಿಕೊಳ್ಳಲು ಅರಿವು. ದಾನವನ್ನೇ ಬಾಳಿನ ವ್ರತವಾಗಿಸಿಕೊಂಡ ಒಬ್ಬ ಶ್ರಾವಕಿಯನ್ನು ಕನ್ನಡ ನಾಡು ಸಾವಿರ ವರ್ಷಗಳಿಂದ ದಾನಚಿಂತಾಮಣಿ ಎಂದು ಕೊಂಡಾಡುತ್ತಿದೆ. ಆಕೆಯೇ ಅತ್ತಿಮಬ್ಬೆ.

ಅತ್ತಿಮಬ್ಬೆ ಬಾಳಿದ್ದು ನೆಮ್ಮದಿಯ ಕಾಲದಲ್ಲಲ್ಲ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕನು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಗೈದನು. ಮರುವರ್ಷವೇ ರಾಷ್ಟ್ರಕೂಟರ ಆಳ್ವಿಕೆ ಅಳಿದು, ತೈಲಪನಿಂದ ಚಾಲುಕ್ಯ ವಂಶವು ಮತ್ತೆ ತಲೆಯೆತ್ತಿತು. ಉತ್ತರದಲ್ಲಿ ಪರಮಾರರೊಡನೆ, ದಕ್ಷಿಣದಲ್ಲಿ ಚೋಳರೊಡನೆ ಬಿಡುವಿಲ್ಲದ ಕಾಳಗ ನಡೆಯಿತು. ದಂಡು ತುಳಿದು ಹೋದ ಊರುಗಳಲ್ಲಿ ಬೆಳೆಯೂ ಉಳಿಯುತ್ತಿರಲಿಲ್ಲ, ಬೆಳೆವವರೂ ಉಳಿಯುತ್ತಿರಲಿಲ್ಲ.

ಅತ್ತಿಮಬ್ಬೆಯ ತವರು ವೆಂಗಿ ನಾಡಿನಿಂದ ಬಂದ ಮನೆತನ. ತಂದೆ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ ಇಬ್ಬರೂ ವೀರರು, ಜಿನಭಕ್ತರು. ತಮ್ಮ ಗುರು ಜಿನಚಂದ್ರದೇವರ ಸ್ಮರಣೆಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವರು ಇವರೇ. ಕತ್ತಿಯೂ ಓಲೆಗರಿಯೂ ಒಂದೇ ಸೂರಿನಡಿಯಲ್ಲಿದ್ದ ಆ ಮನೆಯಲ್ಲಿ ಅತ್ತಿಮಬ್ಬೆಯೂ ತಂಗಿ ಗುಂಡಮಬ್ಬೆಯೂ ಬೆಳೆದರು. ತೈಲಪನ ಮಂತ್ರಿ ದಲ್ಲಪನ ಮಗನಾದ ನಾಗದೇವನು ಈ ಅಕ್ಕತಂಗಿಯರಿಬ್ಬರ ಕೈಹಿಡಿದನು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನಾದನು.

ಸುಖವು ಬಹುಕಾಲ ನಿಲ್ಲಲಿಲ್ಲ. ಶೂರನಾದ ನಾಗದೇವನು ಅಕಾಲದಲ್ಲಿ ಮಡಿದನು. ತಂಗಿ ಗುಂಡಮಬ್ಬೆ ಪತಿಯೊಡನೆ ಚಿತೆಯೇರಿದಳು. ಒಂದೇ ಬೆಂಕಿಯಲ್ಲಿ ಗಂಡನನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯ ಮುಂದೆ ಎರಡು ದಾರಿಗಳಿದ್ದವು. ಆಕೆ ಬದುಕುವ ದಾರಿಯನ್ನು ಹಿಡಿದಳು. ಎಳೆಯ ಮಗನನ್ನು ಸಾಕಬೇಕಿತ್ತು. ಅದಕ್ಕೂ ಮಿಗಿಲಾಗಿ, ಪರಜೀವಕ್ಕೆ ಮಾತ್ರವಲ್ಲದೆ ತನ್ನ ಜೀವಕ್ಕೂ ಹಿಂಸೆ ಸಲ್ಲದೆಂಬುದು ಆಕೆ ನಂಬಿದ ಧರ್ಮದ ತಿರುಳಾಗಿತ್ತು. ಆಕೆ ಕೊಟ್ಟ ಮೊದಲ ಅಭಯದಾನ ಈ ಎರಡು ಜೀವಗಳಿಗೇ ಎನ್ನಬೇಕು. ತನ್ನ ಮನೆಯಲ್ಲೇ ಎದ್ದ ವಿಪತ್ತನ್ನು ದಾಟಿದವರಿಗೆ ನೆರೆಮನೆಯ ವಿಪತ್ತಿನ ಭಾರ ತಾನಾಗಿ ತಿಳಿಯುತ್ತದೆ.

ಅಲ್ಲಿಂದ ಮುಂದೆ ಅತ್ತಿಮಬ್ಬೆಯ ಬಾಳು ಗೃಹದಲ್ಲಿದ್ದೂ ತಪಸ್ಸಾಯಿತು. ವ್ರತೋಪವಾಸಗಳಿಂದ ದೇಹ ಸೊರಗಿತು, ಕೈ ಮಾತ್ರ ಸೊರಗಲಿಲ್ಲ. ಪಾಲಿಗೆ ಬಂದ ಸಿರಿಯನ್ನು ತನ್ನದೆಂದು ಬಗೆಯದೆ, ಚಿನ್ನ ಹಾಗೂ ರತ್ನಗಳಿಂದ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು.

ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಏನೆಂಬುದನ್ನು ನಾವು ಊಹಿಸಬೇಕು. ತಾಳೆಗರಿಯನ್ನು ಹದಗೊಳಿಸಿ, ಸಮನಾಗಿ ಕತ್ತರಿಸಿ, ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತುಂಬಿ, ಕಟ್ಟು ಕಟ್ಟಬೇಕು. ಇಷ್ಟು ಶ್ರಮದ ಗ್ರಂಥಕ್ಕೆ ಬೆಂಕಿಯ ಕಿಡಿಯೊಂದು ಸಾಕು, ಒಂದು ರಾತ್ರಿಯ ನೆರೆ ಸಾಕು. ರಾಜಧಾನಿಗಳೇ ಸೂರೆಯಾಗುತ್ತಿದ್ದ ದಿನಗಳಲ್ಲಿ ಒಂದೇ ಕಡೆ ಇಟ್ಟ ಗ್ರಂಥಕ್ಕೆ ಭರವಸೆಯೆಲ್ಲಿ? ಒಂದೆಡೆ ಉರಿದರೂ ಇನ್ನೊಂದೆಡೆ ಉಳಿಯುವಂತೆ ಮಾಡಿದ್ದು ಆ ಸಾವಿರ ಪ್ರತಿಗಳು. ವಿಪತ್ತು ಬಂದ ಮೇಲೆ ಧಾವಿಸುವುದು ಕರುಣೆ. ಬರುವ ಮೊದಲೇ ಕಾಪಿಡುವುದು ವಿವೇಕದಿಂದ ಕೂಡಿದ ಕರುಣೆ. ಶಾಂತಿಪುರಾಣವು ಇಂದಿಗೂ ನಮ್ಮ ಕೈಗೆ ಸಿಗುವುದರಲ್ಲಿ ಆ ತಾಯಿಯ ಪಾಲು ದೊಡ್ಡದು.

ಆಕೆಯ ಆಶ್ರಯ ಕವಿಗಳಿಗೂ ದೊರೆಯಿತು. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನು ಅರಸುತ್ತ ದಕ್ಷಿಣಕ್ಕೆ ಹೋಗಿ ಚಾವುಂಡರಾಯನ ಆಸರೆ ಪಡೆದಿದ್ದನು. ಅತ್ತಿಮಬ್ಬೆಯ ಪ್ರೋತ್ಸಾಹದಿಂದ ಅವನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಈ ತಾಯಿಯ ಕಥೆಯನ್ನೂ ಅದರಲ್ಲಿ ಸೇರಿಸಿದನು. ಅಷ್ಟಕ್ಕೇ ತೃಪ್ತನಾಗದೆ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಉಪಕಾರ ಸ್ಮರಣೆಗೆ ಇದಕ್ಕಿಂತ ಸರಳವಾದ ದಾರಿಯಿಲ್ಲ.

ಇನ್ನು ಆ ಪ್ರವಾಹದ ಪ್ರಸಂಗ. ಗೋದಾವರಿಯು ಉಕ್ಕಿ ಹರಿಯುತ್ತಿದ್ದಾಗ ಅತ್ತಿಮಬ್ಬೆ ಜಿನಧ್ಯಾನದಿಂದ ಅದರ ರಭಸವನ್ನು ತಡೆದಳೆಂಬ ಮಹಿಮೆಯನ್ನು ಲಕ್ಕುಂಡಿಯ ಶಾಸನವು ಕೀರ್ತಿಸುತ್ತದೆ. ಜನಶ್ರುತಿಯು ಇದನ್ನು ಬೆಳೆಸಿ, ಹೊಳೆಯಾಚೆ ಸಿಲುಕಿದ್ದ ಚಾಲುಕ್ಯರ ದಂಡು ಆಕೆಯ ಪ್ರಾರ್ಥನೆಯಿಂದ ದಡ ಸೇರಿತೆಂದು ಹೇಳುತ್ತದೆ. ಮದವೇರಿದ ಆನೆ ಆಕೆಯ ಮುಂದೆ ಮಣಿಯಿತೆಂದೂ, ಹಬ್ಬುತ್ತಿದ್ದ ಬೆಂಕಿ ಗಂಧೋದಕದಿಂದ ಆರಿತೆಂದೂ ಕಥೆಗಳುಂಟು. ಭಕ್ತರು ಇವನ್ನು ಪವಾಡವೆಂದು ನಮಿಸುತ್ತಾರೆ. ನಮಿಸುವವರೂ ಒಂದನ್ನು ಗಮನಿಸಬೇಕು. ನೀರು, ಬೆಂಕಿ, ಆನೆ ಈ ಮೂರೂ ಅಂದಿನ ಜನರ ನಿತ್ಯದ ಭಯಗಳು. ಈ ಯಾವ ಕಥೆಯಲ್ಲಿಯೂ ಅತ್ತಿಮಬ್ಬೆ ತನ್ನ ಸುಖಕ್ಕಾಗಿ ಏನನ್ನೂ ಬೇಡಿಲ್ಲ. ಅಪಾಯ ಬಂದಾಗ ಹಿಂದೆ ಸರಿಯದೆ ದಡದಲ್ಲೇ ನಿಂತವಳೆಂದು ಜನ ಆಕೆಯನ್ನು ನೆನೆದರು. ಅಂಥವರ ಬಗೆಗೆ ಮಾತ್ರ ಇಂಥ ಕಥೆಗಳು ಹುಟ್ಟುತ್ತವೆ.

1007ರಲ್ಲಿ ಅತ್ತಿಮಬ್ಬೆ ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ಬ್ರಹ್ಮ ಜಿನಾಲಯವನ್ನು ಕಟ್ಟಿಸಿದಳು. ಆಗ ಇರಿವಬೆಡಂಗ ಸತ್ಯಾಶ್ರಯನು ಆಳುತ್ತಿದ್ದನು. ಅದೇ ಕಾಲದ ಹೊಟ್ಟೂರಿನ ಶಾಸನವು ಚೋಳರ ಸೇನೆ ಈ ನಾಡಿಗೆ ನುಗ್ಗಿ, ಹೆಂಗಸರು ಮಕ್ಕಳೆನ್ನದೆ ಕೊಂದು, ಊರುಗಳನ್ನು ಹಾಳುಗೆಡವಿದ್ದನ್ನು ದಾಖಲಿಸಿದೆ. ನಾಡು ಸುಡುತ್ತಿದ್ದ ಆ ವರ್ಷಗಳಲ್ಲೇ ಒಬ್ಬ ವೃದ್ಧ ಶ್ರಾವಕಿ ಕಲ್ಲಿನ ಮೇಲೆ ಕಲ್ಲಿಡಿಸಿ ಬಸದಿಯನ್ನು ಎತ್ತರಿಸಿದಳು. ಬಸದಿಯೆಂದರೆ ಅಂದು ಪೂಜೆಯ ನೆಲೆಯಷ್ಟೇ ಅಲ್ಲ, ಆಹಾರದಾನಕ್ಕೂ ವಿದ್ಯೆಗೂ ಆಸರೆ. ಕೆಡಹುವವರ ನಡುವೆ ಕಟ್ಟುವುದೂ ಒಂದು ಬಗೆಯ ಅಭಯದಾನವೇ.

ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗೃಹಸ್ಥರು ಕೊಡುವ ದತ್ತಿಗಳನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ದಯಾದತ್ತಿಯೂ ಒಂದು. ಪಾತ್ರದತ್ತಿಯಲ್ಲಿ ಪಡೆಯುವವರ ಯೋಗ್ಯತೆಯನ್ನು ನೋಡುವುದುಂಟು. ದಯಾದತ್ತಿಯಲ್ಲಿ ಆ ಪ್ರಶ್ನೆಯಿಲ್ಲ. ಸಂಕಟದಲ್ಲಿರುವುದೇ ಅಲ್ಲಿ ಅರ್ಹತೆ. ಅವರ ಮತ, ಕುಲ, ಭಾಷೆ ಯಾವುದೆಂದು ಕೇಳುವಂತಿಲ್ಲ.

ನಮ್ಮ ಅಮೃತಹಳ್ಳಿಗೆ ದೂರವಲ್ಲದ ಯಲಹಂಕದಲ್ಲಿ 2021ರ ನವೆಂಬರಿನ ಮಳೆಗೆ ಕೆರೆ ಉಕ್ಕಿ, ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ, ನಿವಾಸಿಗಳನ್ನು ದೋಣಿಯಲ್ಲಿ ಕರೆತರಬೇಕಾಯಿತು. ಗೋದಾವರಿಯ ಪ್ರವಾಹ ಹಳೆಯ ಕಥೆಯಲ್ಲವೆಂದು ತಿಳಿಯಲು ಇಷ್ಟು ಸಾಕು. ಅತ್ತಿಮಬ್ಬೆಯಂತೆ ಬಿಂಬಗಳನ್ನು ಮಾಡಿಸುವ ಸಿರಿ ನಮ್ಮಲ್ಲಿ ಎಲ್ಲರಿಗೂ ಇಲ್ಲ. ಆದರೆ ಪರಿಗ್ರಹ ಪರಿಮಾಣವೆಂಬ ಅಣುವ್ರತವು ಬಡವರಿಗೂ ಬಲ್ಲಿದರಿಗೂ ಒಂದೇ. ತಿಂಗಳ ದಿನಸಿಯಲ್ಲಿ ಒಂದು ಪಾಲನ್ನು, ಬೀರುವಿನ ಹೊದಿಕೆಗಳಲ್ಲಿ ಒಂದನ್ನು, ವಾರದಲ್ಲಿ ಒಂದು ಗಳಿಗೆಯನ್ನು ನನ್ನದಲ್ಲವೆಂದು ಮೊದಲೇ ಎತ್ತಿಡುವವರು ನೆರೆ ಬಂದ ದಿನ ಹುಡುಕಾಡಬೇಕಾಗಿಲ್ಲ. ಕಾರ್ಮೋಡ ಕವಿಯುವ ಮೊದಲೇ ತೆಗೆದಿಟ್ಟ ಆ ಹಿಡಿ ಅಕ್ಕಿಯಲ್ಲಿ ದಾನಚಿಂತಾಮಣಿಯ ವ್ರತ ಮುಂದುವರಿಯುತ್ತದೆ.