ಅಧಿಕಾರ ತೊರೆದ ಮೇಲೆ 43 ವರ್ಷ: ಮಾಸ್ತಿಯವರ ಇಳಿವಯಸ್ಸಿನ ದಿನಚರಿ

ಮಾಲೂರು: ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1943ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ರಾಜೀನಾಮೆ ನೀಡಿದಾಗ ಅವರಿಗೆ ವಯಸ್ಸು 52. ಸಚಿವರಿಗೆ ಸಮಾನವಾದ ಹುದ್ದೆ ತಮಗೆ ಸಲ್ಲಬೇಕಿದ್ದಾಗ ಅದು ಕಿರಿಯರೊಬ್ಬರ ಪಾಲಾದುದು ಅದಕ್ಕೆ ಕಾರಣ.

ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಜನಿಸಿ, ಬಡತನದಲ್ಲಿ ವಾರಾನ್ನ ಉಂಡು ಓದಿ, ಮದರಾಸು ವಿಶ್ವವಿದ್ಯಾಲಯದ ಎಂ.ಎ. ಪದವಿಯಲ್ಲಿ ಚಿನ್ನದ ಪದಕ ಗಳಿಸಿದವರು ಅವರು. ಮೈಸೂರು ಸಿವಿಲ್ ಸರ್ವಿಸ್ ಸೇರಿ, ಜಿಲ್ಲೆಗಳ ಆಡಳಿತ ನಡೆಸಿ, ರಾಜಸೇವಾಸಕ್ತ ಬಿರುದನ್ನೂ ಪಡೆದಿದ್ದರು. ಅಂಥವರಿಗೆ ಆದ ಕಡೆಗಣನೆ ಸಣ್ಣ ನೋವೇನಲ್ಲ. ಕುರ್ಚಿ ಬಿಟ್ಟ ಮರುದಿನವೇ ಬಾಗಿಲಿಗೆ ಬರುವ ಜನ ಕಡಿಮೆಯಾಗುತ್ತಾರೆಂಬುದನ್ನು ನಿವೃತ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂತಹ ಘಟ್ಟದಲ್ಲಿ ಮನಸ್ಸು ಕುಗ್ಗಿದರೆ ದೇಹವೂ ಕುಗ್ಗುತ್ತದೆ ಎಂಬುದಕ್ಕೆ ಇಂದು ವೈದ್ಯಶಾಸ್ತ್ರದ ಆಧಾರವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಖಿನ್ನತೆ ಇರುವವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಸುಮಾರು ಶೇ 60ರಷ್ಟು ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಖಿನ್ನತೆಯ ಸಂಭವ ಹೆಚ್ಚುವುದು ಸುಮಾರು ಶೇ 15ರಷ್ಟು. ದೀರ್ಘಕಾಲದ ಬೇಸರದಿಂದ ಕಾರ್ಟಿಸೋಲ್ ಎಂಬ ಹಾರ್ಮೋನು ಏರಿದರೆ ಯಕೃತ್ತು ರಕ್ತಕ್ಕೆ ಹೆಚ್ಚು ಸಕ್ಕರೆ ಬಿಡುತ್ತದೆ, ಇನ್ಸುಲಿನ್‌ನ ಪ್ರಭಾವ ತಗ್ಗುತ್ತದೆ. ನಡಿಗೆ ನಿಲ್ಲುತ್ತದೆ, ನಿದ್ರೆ ಕೆಡುತ್ತದೆ, ಊಟದ ಹೊತ್ತು ತಪ್ಪುತ್ತದೆ. ಹಿರಿಯರಲ್ಲಿ ಖಿನ್ನತೆ ಕಣ್ಣೀರಾಗಿ ಕಾಣುವುದಕ್ಕಿಂತ ಮೈಕೈ ನೋವು, ಸುಸ್ತು, ಊಟ ಸೇರದಿರುವುದಾಗಿ ಕಾಣುವುದೇ ಹೆಚ್ಚು. ವಯಸ್ಸಾಯಿತಲ್ಲ ಎಂದು ಮನೆಮಂದಿ ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು.

ನಮ್ಮ ಜಿಲ್ಲೆಗೆ ಈ ವಿಷಯ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೇಲ್ಪಟ್ಟವರ ನೆನಪಿನ ಶಕ್ತಿ, ಮನಃಸ್ಥಿತಿ ಹಾಗೂ ರಕ್ತದ ಸಕ್ಕರೆಯನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನ ಕೈಗೊಂಡಿದ್ದು, 10,000 ಮಂದಿಯನ್ನು ಒಳಗೊಳ್ಳುವ ಗುರಿ ಹೊಂದಿದೆ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮತ್ತೆ ಮಾಸ್ತಿಯವರತ್ತ. ರಾಜೀನಾಮೆಯ ಮರುವರ್ಷವೇ ಅವರು 'ಜೀವನ' ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡು ಸುಮಾರು ಎರಡು ದಶಕ ನಡೆಸಿದರು. ಆರು ಹೆಣ್ಣುಮಕ್ಕಳ ಸಂಸಾರ ಅವರದು. ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ, ಚೀಲದಲ್ಲಿ ಹೊತ್ತು ತಲುಪಿಸುವುದಕ್ಕೂ ಆ ಮಾಜಿ ಅಧಿಕಾರಿ ಹಿಂಜರಿಯಲಿಲ್ಲ. 'ಚಿಕವೀರ ರಾಜೇಂದ್ರ' ಕಾದಂಬರಿ 1956ರಲ್ಲಿ ಪ್ರಕಟವಾದಾಗ ಅವರಿಗೆ 65 ವರ್ಷ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1968ರಲ್ಲಿ ಸಂದಿತು. ಮೂರು ಸಂಪುಟಗಳ ಆತ್ಮಕಥೆ 'ಭಾವ' ಕೂಡ ಇಳಿವಯಸ್ಸಿನ ಬರಹವೇ.

ಆದರೆ ಬರವಣಿಗೆಗಿಂತಲೂ ಗಮನಿಸಬೇಕಾದುದು ಅವರ ಸಂಜೆಗಳನ್ನು. ಗವಿಪುರದ ಮನೆಯಿಂದ ಕೋಟು, ಪೇಟ ಧರಿಸಿ, ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಗೆಳೆಯರೊಡನೆ ಇಸ್ಪೀಟು ಆಡುವುದು ಅವರ ನಿತ್ಯದ ವಾಡಿಕೆ. ಇಷ್ಟು ದೊಡ್ಡ ಸಾಹಿತಿಗೆ ಇಸ್ಪೀಟೇ ಎಂದು ಮೂಗು ಮುರಿದವರೂ ಇದ್ದರು! ನಡಿಗೆ, ಒಡನಾಟ, ಹೊತ್ತಿಗೆ ಸರಿಯಾದ ದಿನಚರಿ ಈ ಮೂರನ್ನೇ ಇಂದಿನ ವೈದ್ಯರು ಹಿರಿಯರಿಗೆ ಔಷಧದ ಜೊತೆ ಬರೆದುಕೊಡುತ್ತಾರೆ. ಮುಳಬಾಗಿಲಿನ ಡಿ.ವಿ.ಗುಂಡಪ್ಪನವರೂ ಪತ್ನಿಯನ್ನು ಬೇಗನೆ ಕಳೆದುಕೊಂಡ ಮೇಲೆ ಬಹುಕಾಲ ಬಾಳಿದವರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ, ಕಿರಿಯರ ನಡುವೆಯೇ ಇಳಿವಯಸ್ಸು ಕಳೆದರು.

1983ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಾಗ ಮಾಸ್ತಿಯವರು ತೊಂಬತ್ತು ದಾಟಿದ್ದರು. 1986ರ ಜೂನ್ 6ರಂದು, ತಮ್ಮ ಹುಟ್ಟಿದ ದಿನದಂದೇ, 95 ವರ್ಷ ತುಂಬಿ ನಿಧನರಾದರು.