ಅವರೆಕಾಳಿನ ಗುಟ್ಟು ಬಿಡಿಸಿದ ಕಮಲಾ ಸೊಹೊನಿ

ನಮ್ಮ ಸರಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗೆಳೆಯರು ಕೇಳಿದರು. ನಾನು ರಸಾಯನಶಾಸ್ತ್ರ ಓದಿದವನು, ಅದನ್ನೇ ಪಾಠ ಹೇಳಿ ನಿವೃತ್ತನಾದವನು. ಹಾಗಾಗಿ ಒಬ್ಬ ವಿಜ್ಞಾನಿಯ ಬಗ್ಗೆ ಬರೆಯುವುದು ಸರಿ ಎನಿಸಿತು. ಅವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಯಾವ ಕಡೆಯವರೂ ಅಲ್ಲ. ಆದರೂ ನಮ್ಮ ಮನೆಯ ಅಡಿಗೆ ಒಲೆಗೂ ಅವರಿಗೂ ಒಂದು ನಂಟಿದೆ.

ಅದನ್ನು ಹೇಳಲು ನಮ್ಮ ಅಕ್ಕನಿಂದ ಶುರುಮಾಡಬೇಕು. ಅಕ್ಕ ಈ ಶಾಲೆಯ ಮೊದಲ ತಂಡದವಳು, ನಾನು ಎರಡು ವರ್ಷ ಹಿಂದೆ. ಜೋಳದ ಹೊಲದಲ್ಲಿ ಅಕ್ಕಡಿ ಸಾಲಿಗೆ ಬಿತ್ತಿದ ಅವರೆ ಕಾಯಿ ಬಿಡುವ ಕಾಲದಲ್ಲಿ ನಾವಿಬ್ಬರೂ ಕಾಯಿ ಬಿಡಿಸುತ್ತ ಹಸಿಕಾಳನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಹಸಿದು ತಿಂದರೆ ಹೊಟ್ಟೆ ಕೆಡುತ್ತದೆ, ಬೇಯಿಸಿ ಗುಗ್ಗರಿ ಮಾಡಿಕೊಡುತ್ತೇನೆ ಎಂದು ಅವ್ವ ಗದರುತ್ತಿದ್ದಳು. ನಾನು ಸುಮ್ಮನಾಗುತ್ತಿದ್ದೆ. ಅಕ್ಕ ಸುಮ್ಮನಾಗುತ್ತಿರಲಿಲ್ಲ. ಬೆಂದ ಮೇಲೂ ಅದೇ ಕಾಳಲ್ಲವೇ, ಒಲೆಯ ಮೇಲೆ ಇಟ್ಟರೆ ಅದರೊಳಗಿಂದ ಏನು ಹೋಗುತ್ತದೆ ಎಂಬುದು ಅವಳ ಪ್ರಶ್ನೆ. ಅವ್ವನಿಗೆ ಉತ್ತರ ಗೊತ್ತಿರಲಿಲ್ಲ. ನನಗಂತೂ ಪ್ರಶ್ನೆಯೇ ಹೊಳೆದಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಿದವರೇ ಡಾ. ಕಮಲಾ ಸೊಹೊನಿ.

ಮದುವೆಗೆ ಮುಂಚಿನ ಅವರ ಹೆಸರು ಕಮಲಾ ಭಾಗವತ್. ಹುಟ್ಟಿದ್ದು ಇಂದೋರಿನಲ್ಲಿ. ತಂದೆ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಅದೇ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ. ಮುಂಬಯಿ ವಿಶ್ವವಿದ್ಯಾಲಯದಿಂದ 1933ರಲ್ಲಿ ಉನ್ನತ ಸ್ಥಾನದೊಂದಿಗೆ ಬಿ.ಎಸ್ಸಿ. ಮುಗಿಸಿದ ಕಮಲಾ, ಮನೆಯ ಹಿರಿಯರು ಓದಿದಲ್ಲಿಯೇ ತಾನೂ ಓದಬೇಕೆಂದು ಬೆಂಗಳೂರಿಗೆ ಅರ್ಜಿ ಹಾಕಿದರು. ಅಂಕಗಳಿಗೆ ಕೊರತೆ ಇರಲಿಲ್ಲ. ಆದರೂ ಅರ್ಜಿ ತಿರಸ್ಕೃತವಾಯಿತು. ಕಾರಣ ಒಂದೇ, ಅರ್ಜಿ ಹಾಕಿದವರು ಹೆಣ್ಣುಮಗಳು.

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ನೊಬೆಲ್ ಬಹುಮಾನ ಪಡೆದು ಮೂರು ವರ್ಷವಾಗಿತ್ತು, ಆ ಕುರ್ಚಿಯಲ್ಲಿ ಕುಳಿತ ಮೊದಲ ಭಾರತೀಯರೂ ಅವರೇ. ತಂದೆ, ಚಿಕ್ಕಪ್ಪ ಕೇಳಿಕೊಂಡರೂ ಅವರ ಮನಸ್ಸು ಬದಲಾಗಲಿಲ್ಲ. ಕಮಲಾ ತಾವೇ ಬೆಂಗಳೂರಿಗೆ ಬಂದು ನಿರ್ದೇಶಕರ ಎದುರು ನಿಂತರು. ತನ್ನನ್ನು ಸೇರಿಸಿಕೊಳ್ಳದಿರಲು ಕಾರಣವೇನೆಂದು ಕೇಳಿದರು, ಸೇರಿಸಿಕೊಳ್ಳುವವರೆಗೆ ಸತ್ಯಾಗ್ರಹ ಮಾಡುವುದಾಗಿ ಹೇಳಿದರು. ಗಾಂಧೀಜಿಯವರ ಚಿತಾಭಸ್ಮವನ್ನಿಟ್ಟ ಕೂಡ್ಲಿಗಿಯ ಸ್ಮಾರಕವನ್ನು ನೋಡುತ್ತ ಬೆಳೆದ ನಮಗೆ ಸತ್ಯಾಗ್ರಹ ಎಂದರೆ ಉಪ್ಪು, ಖಾದಿ, ಜೈಲು. ಪ್ರಯೋಗಾಲಯದ ಬಾಗಿಲಲ್ಲೂ ಒಂದು ಸತ್ಯಾಗ್ರಹ ನಡೆದಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಕೊನೆಗೆ ಪ್ರವೇಶ ಸಿಕ್ಕಿತು, ಷರತ್ತುಗಳೊಂದಿಗೆ. ಮೊದಲ ಒಂದು ವರ್ಷ ಪೂರ್ಣ ವಿದ್ಯಾರ್ಥಿನಿಯೆಂಬ ಮಾನ್ಯತೆ ಇಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಗಂಡು ವಿದ್ಯಾರ್ಥಿಗಳ ಗಮನ ಕೆಡಬಾರದು. ಕೆಲಸ ಒಪ್ಪಿಗೆಯಾದರೆ ಮಾತ್ರ ಮುಂದಿನ ಮಾತು. ಕಮಲಾ ಅವಮಾನ ನುಂಗಿಕೊಂಡು ಒಪ್ಪಿದರು. ಆದರೆ ಮರೆಯಲಿಲ್ಲ. ರಾಮನ್ ದೊಡ್ಡ ವಿಜ್ಞಾನಿಯಾದರೂ ಈ ಒಂದು ವಿಷಯದಲ್ಲಿ ಸಣ್ಣ ಮನಸ್ಸು ತೋರಿದರೆಂದು ಇಳಿವಯಸ್ಸಿನಲ್ಲೂ ಅವರು ನೊಂದು ಹೇಳಿದ್ದುಂಟು.

ಮಾರ್ಗದರ್ಶಕರಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯನವರು, ಶಿಸ್ತಿನ ಗುರು. ಅವರ ಕೈಕೆಳಗೆ ಕಮಲಾ ಹಾಲಿನಲ್ಲಿ, ಬೇಳೆಕಾಳುಗಳಲ್ಲಿ ಇರುವ ಪ್ರೋಟೀನುಗಳನ್ನು ಬೇರ್ಪಡಿಸಿ ಅಳೆಯುವ ಕೆಲಸಕ್ಕೆ ತೊಡಗಿದರು. ಮಾಂಸ, ಮೊಟ್ಟೆ ಕಾಣದ ಬಡವರಿಗೆ ಪ್ರೋಟೀನು ಬರುವುದು ಕಾಳಿನಿಂದಲೇ. ನಮ್ಮ ಕಡೆಯ ತೊಗರಿ, ಹುರುಳಿ, ಅಲಸಂದೆ, ಹೆಸರು, ಅವರೆ ಎಲ್ಲವೂ ಅದೇ ಲೆಕ್ಕ. ವರ್ಷ ಮುಗಿಯುವ ಹೊತ್ತಿಗೆ ರಾಮನ್ ಅವರಿಗೂ ಕೆಲಸ ಒಪ್ಪಿಗೆಯಾಯಿತು. ಅವರ ಪ್ರವೇಶ ಕಾಯಂ ಆದದ್ದಷ್ಟೇ ಅಲ್ಲ, ಸಂಸ್ಥೆಯ ಬಾಗಿಲು ಮುಂದಿನ ಹೆಣ್ಣುಮಕ್ಕಳಿಗೂ ತೆರೆಯಿತು. 1936ರಲ್ಲಿ ಕಮಲಾ ಎಂ.ಎಸ್ಸಿ. ಪಡೆದರು.

ಆ ಬಾಗಿಲಿನಿಂದ 1940ರಲ್ಲಿ ಒಳಬಂದವರಲ್ಲಿ ಅಣ್ಣಾ ಮಣಿ ಒಬ್ಬರು. ರಾಮನ್ ಅವರ ಪ್ರಯೋಗಾಲಯದಲ್ಲೇ ವಜ್ರಗಳ ಮೇಲೆ ಬೆಳಕು ಹಾಯಿಸಿ, ಅವು ತಿರುಗಿ ಸೂಸುವ ಪ್ರತಿದೀಪ್ತಿಯನ್ನು ದಾಖಲಿಸಿದವರು ಅವರು. ಇಲ್ಲಿ ನನಗೆ ಒಂದು ವಿಷಯ ಮತ್ತೆ ಮತ್ತೆ ನೆನಪಾಗುತ್ತದೆ. ರಾಮನ್ ಪರಿಣಾಮವೆಂದು ಜಗತ್ತು ಕೊಂಡಾಡುವ ಬೆಳಕನ್ನು ಮೊದಲು ಕಂಡಾಗ ಅದು ಯಾವುದೋ ದುರ್ಬಲ ಪ್ರತಿದೀಪ್ತಿ ಇರಬೇಕೆಂದೇ ಅವರ ಗುಂಪು ಭಾವಿಸಿತ್ತು. ರಾಮನ್ ಅದನ್ನು ಅಲ್ಲಿಗೇ ಬಿಡದೆ ಬೆನ್ನುಹತ್ತಿದರು. ಅಷ್ಟು ಸೂಕ್ಷ್ಮ ಕಣ್ಣಿನವರಿಗೂ ಎದುರು ನಿಂತ ಹುಡುಗಿಯ ಯೋಗ್ಯತೆ ಕಾಣಲು ಒಂದು ವರ್ಷ ಬೇಕಾಯಿತು. ಇದನ್ನು ಅವರನ್ನು ಹಳಿಯಲು ಬರೆಯುತ್ತಿಲ್ಲ. ತಪ್ಪು ಕಂಡ ಮೇಲೆ ತಿದ್ದಿಕೊಂಡರು ಎಂಬುದನ್ನೂ ಜೊತೆಗೇ ಹೇಳಬೇಕು.

ಮುಂದೆ ವಿದ್ಯಾರ್ಥಿವೇತನ ಪಡೆದು ಕಮಲಾ ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು. ಅಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರು ವಿಟಮಿನ್ ಸಂಶೋಧನೆಗೆ ನೊಬೆಲ್ ಪಡೆದ ಫ್ರೆಡರಿಕ್ ಹಾಪ್ಕಿನ್ಸ್. ಮೊದಲು ಡೆರೆಕ್ ರಿಕ್ಟರ್, ಆಮೇಲೆ ರಾಬಿನ್ ಹಿಲ್ ಅವರ ಜೊತೆ ಕೆಲಸ. ಆ ಊರಿನಲ್ಲೇ ಡೇವಿಡ್ ಕೀಲಿನ್ ಎಂಬವರು 1925ರಲ್ಲಿ ಸೈಟೋಕ್ರೋಮ್ ಎಂಬ ಪ್ರೋಟೀನುಗಳನ್ನು ವಿವರಿಸಿದ್ದರು. ಕಬ್ಬಿಣದ ಅಂಶವಿರುವ, ಬಣ್ಣವುಳ್ಳ ಪ್ರೋಟೀನುಗಳಿವು. ಇವುಗಳ ಮೂಲಕ ಬೆಳಕು ಹಾಯಿಸಿ ರೋಹಿತದರ್ಶಕದಲ್ಲಿ ನೋಡಿದರೆ, ಕಾಮನಬಿಲ್ಲಿನಂತೆ ಹರಡಿದ ಬಣ್ಣಗಳ ನಡುವೆ ಅಲ್ಲಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಆ ಪಟ್ಟಿಯೇ ಪ್ರೋಟೀನಿನ ಗುರುತು. ಕಮಲಾ ಆಲೂಗಡ್ಡೆಯಂಥ ಸಸ್ಯ ಅಂಗಾಂಶಗಳನ್ನು ಪರೀಕ್ಷಿಸಿ ಅವುಗಳಲ್ಲೂ ಸೈಟೋಕ್ರೋಮ್ ಸಿ ಇರುವುದನ್ನು, ಸಸ್ಯದ ಉಸಿರಾಟದಲ್ಲಿ ಅದಕ್ಕೆ ಪಾತ್ರವಿರುವುದನ್ನು ತೋರಿಸಿದರು. ಎಂದರೆ ಉಸಿರಾಟದ ಒಳ ಯಂತ್ರದಲ್ಲಿ ನಮಗೂ ಹೊಲದ ಗಿಡಕ್ಕೂ ಅಷ್ಟು ಸಾಮ್ಯ. ಅಲ್ಲಿಗೆ ಹೋಗಿ ಹದಿನಾಲ್ಕು ತಿಂಗಳಲ್ಲಿ ಬರೆದ ಅವರ ಪ್ರಬಂಧ ಬರೀ 40 ಪುಟ. ದಪ್ಪ ಪ್ರಬಂಧಗಳಿಗೆ ಮಾರುಹೋಗುವ ನಾವು ಇದನ್ನು ಗಮನಿಸಬೇಕು.

1939ರಲ್ಲಿ ಡಾಕ್ಟರೇಟ್ ಪಡೆದು ಅವರು ಸ್ವದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು, ಕೂನೂರಿನ ಪೋಷಣಾ ಸಂಶೋಧನಾಲಯ, 1947ರಲ್ಲಿ ಎಂ. ವಿ. ಸೊಹೊನಿಯವರೊಡನೆ ಮದುವೆ, ನಂತರ ಮುಂಬಯಿಯ ವಿಜ್ಞಾನ ಸಂಸ್ಥೆ. ಅಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮತ್ತೆ ಕಾಳುಗಳ ಕಡೆಗೇ ಹೊರಳಿದರು. ನಾನು ಅವರ ಹೆಸರನ್ನು ಮೊದಲು ಕಂಡದ್ದು ಆ ಕೆಲಸದಲ್ಲೇ. ಎಂ.ಎಸ್ಸಿ. ಓದುವಾಗ ಗ್ರಂಥಾಲಯದಲ್ಲಿ ನೇಚರ್ ಪತ್ರಿಕೆಯ 1955ರ ಸಂಪುಟ ತಿರುವುತ್ತಿದ್ದೆ. ಕೆ. ಎಸ್. ಅಂಬೆ ಅವರೊಡನೆ ಸೊಹೊನಿ ಬರೆದ ಪುಟ್ಟ ಲೇಖನವೊಂದು ಅದರಲ್ಲಿತ್ತು. ವಿಷಯ, ನಮ್ಮ ಅವರೆಕಾಳು!

ನಾವು ತಿಂದ ಪ್ರೋಟೀನನ್ನು ಕರುಳಿನಲ್ಲಿ ತುಂಡರಿಸುವ ಕತ್ತರಿಗಳಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಮುಖ್ಯವಾದದ್ದು. ಹಸಿ ಅವರೆಯಲ್ಲಿ ಈ ಕತ್ತರಿಗೆ ಬೀಗ ಹಾಕುವ ಒಂದು ಪ್ರೋಟೀನಿದೆ. ಬೀಗ ಬಿದ್ದರೆ ತಿಂದದ್ದು ಸರಿಯಾಗಿ ಅರಗುವುದಿಲ್ಲ. ಆ ಬೀಗವನ್ನು ಅವರೆಯಿಂದ ಬೇರ್ಪಡಿಸಿ, ಹರಳುಗಟ್ಟಿಸಿ ತೋರಿಸಿದವರು ಸೊಹೊನಿ ಮತ್ತು ಅಂಬೆ. ಚೆನ್ನಾಗಿ ಬೇಯಿಸಿದಾಗ ಈ ಪ್ರೋಟೀನಿನ ಮಡಿಕೆಗಳು ಬಿಚ್ಚಿ ಅದರ ಬಲ ಬಹುಮಟ್ಟಿಗೆ ಕುಗ್ಗುತ್ತದೆ. ಒಲೆಯ ಮೇಲಿಟ್ಟರೆ ಕಾಳಿನೊಳಗಿಂದ ಏನೂ ಎದ್ದು ಹೋಗುವುದಿಲ್ಲ, ಒಳಗಿದ್ದದ್ದೇ ರೂಪ ಕೆಡುತ್ತದೆ.

ಮಡಿಕೆ ಬಿಚ್ಚುವುದನ್ನು ನಾನೂ ಒಮ್ಮೆ ಕಂಡಿದ್ದೇನೆ. ಅನೇಕ ಪ್ರೋಟೀನುಗಳಲ್ಲಿ ಟ್ರಿಪ್ಟೋಫಾನ್ ಎಂಬ ಘಟಕವಿರುತ್ತದೆ. ಅತಿನೇರಳೆ ಬೆಳಕು ಬಿದ್ದರೆ ಅದು ಬೇರೆ ತರಂಗಾಂತರದ ಬೆಳಕನ್ನು ಸೂಸುತ್ತದೆ. ಪ್ರೋಟೀನು ಮಡಚಿಕೊಂಡಿದ್ದಾಗ ಒಂದು ಬಗೆ, ಬಿಚ್ಚಿಕೊಂಡಾಗ ಇನ್ನೊಂದು ಬಗೆ. ಪ್ರಯೋಗಾಲಯದ ಯಂತ್ರದ ಕಾಗದದ ಮೇಲೆ ಆ ಗೆರೆ ಪಕ್ಕಕ್ಕೆ ಸರಿದಾಗ ನನಗೆ ಗುರುಗಳ ನೆನಪಾಗಲಿಲ್ಲ, ಅಕ್ಕನ ನೆನಪಾಯಿತು.

ಯಾಕೆಂದರೆ ಅಕ್ಕ ಅಲ್ಲಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನನಗಿಂತ ಹೆಚ್ಚು ಅಂಕ ತೆಗೆದವಳು ಅವಳು. ಕಾಲೇಜಿಗೆ ದಿನಾ ಬಸ್ಸು ಹಿಡಿದು ಹೋಗಬೇಕಿತ್ತು. ಹೆಣ್ಣುಹುಡುಗಿ ಒಬ್ಬಳೇ ಹೇಗೆ ಎಂದು ಅಪ್ಪ ನಿಲ್ಲಿಸಿದರು. ಎರಡು ವರ್ಷದ ನಂತರ ಅದೇ ಬಸ್ಸಿಗೆ ನನ್ನನ್ನು ಹತ್ತಿಸಿದರು. ಆಗ ನಾನು ಒಂದು ಮಾತೂ ಆಡಲಿಲ್ಲ. ಬೀಗ ಅವರೆಕಾಳಿನಲ್ಲಿ ಮಾತ್ರ ಇರಲಿಲ್ಲ.

ಸೊಹೊನಿಯವರ ಕೆಲಸ ಪ್ರಯೋಗಾಲಯದಲ್ಲೇ ನಿಲ್ಲಲಿಲ್ಲ. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಲಹೆಯಂತೆ ಅವರು ನೀರಾದ ಪೋಷಕಾಂಶಗಳನ್ನು ಪರೀಕ್ಷಿಸಿದರು. ನಮ್ಮ ಹಳ್ಳದ ದಂಡೆಯ ಈಚಲು ಮರದಿಂದ ಇಳಿಸುವ, ಇನ್ನೂ ಹುಳಿಯಾಗದ ಸಿಹಿರಸವೂ ನೀರಾವೇ. ಅಪೌಷ್ಟಿಕತೆಯಿಂದ ಬಳಲುವ ಬುಡಕಟ್ಟು ಮಕ್ಕಳಿಗೂ ಗರ್ಭಿಣಿಯರಿಗೂ ಅದು ಒಳ್ಳೆಯ ಪೂರಕ ಆಹಾರವೆಂದು ತೋರಿಸಿದ್ದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಇಷ್ಟಾದರೂ ಸಂಸ್ಥೆಯ ನಿರ್ದೇಶಕ ಹುದ್ದೆ ಅವರಿಗೆ ಸಿಕ್ಕಿದ್ದು ಕೆಲವು ವರ್ಷ ಕಾಯಿಸಿದ ಮೇಲೆಯೇ. ಗ್ರಾಹಕರ ಸಂಘಟನೆಯಲ್ಲೂ ದುಡಿದು ಆಹಾರ ಕಲಬೆರಕೆಯ ಬಗ್ಗೆ ಜನರಿಗೆ ತಿಳಿಹೇಳಿದರು. 1998ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಏರ್ಪಡಿಸಿದ್ದ ಸನ್ಮಾನ ಸಮಾರಂಭದಲ್ಲೇ ಕುಸಿದ ಅವರು ಕೆಲವೇ ದಿನಗಳಲ್ಲಿ ತೀರಿಕೊಂಡರು.

ಈ ಲೇಖನ ಬರೆಯುವ ಮುಂಚೆ ಊರಿಗೆ ಹೋಗಿ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಮೊಮ್ಮಗಳ ಜಡೆ ಹಾಕುತ್ತ ಪೂರ್ತಿ ಕೇಳಿದಳು. ಹಾಗಾದರೆ ಕಾಳು ನೆನೆಸಿದ ನೀರನ್ನು ಚೆಲ್ಲುತ್ತೇವಲ್ಲ, ಅದರಲ್ಲೂ ಆ ಬೀಗ ಸ್ವಲ್ಪ ಹೋಗುತ್ತದೆಯೇ ಎಂದು ಕೇಳಿದಳು. ಐವತ್ತು ವರ್ಷದ ಮೇಲೆ ಮತ್ತೆ ಅವಳದೇ ಪ್ರಶ್ನೆ, ಮತ್ತೆ ಬೆಬ್ಬೆಬ್ಬೆ ಎಂದವನು ನಾನೇ.

ಶಾಲೆಯ ಶಿಕ್ಷಕ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಅರಿಕೆ. ಈ ವರ್ಷದಿಂದ ನಮ್ಮ ಶಾಲೆಯಲ್ಲಿ ವಿಜ್ಞಾನಕ್ಕೆ ಹೆಚ್ಚು ಅಂಕ ಪಡೆಯುವ ಹುಡುಗಿಯ ಪಿಯುಸಿ ಎರಡು ವರ್ಷದ ಬಸ್ಸು, ಪುಸ್ತಕಗಳ ಖರ್ಚನ್ನು ಅಕ್ಕನ ಹೆಸರಿನಲ್ಲಿ ನಾನು ಕೊಡುತ್ತೇನೆ. ಆ ಹುಡುಗಿಯ ಮನೆಗೆ ಹೋಗಿ ತಂದೆತಾಯಿಗಳ ಜೊತೆ ಮಾತಾಡುವ ಕೆಲಸ ಮಾತ್ರ ನೀವು ಮಾಡಬೇಕು. ನಾನು ಅಂದು ಆಡದ ಮಾತು ಅದು.